ಕಾಡು ಹೋದಾಗ ಕಪ್ಪು ಹೆಂಟೆ ಇತ್ತು: ಐರ್ಲೆಂಡಿನ ಒಲೆ, ಕವಿತೆ ಮತ್ತು ಟರ್ಫ್ ಜಗಳ

1847ರ ಚಳಿಗಾಲ. ಐರ್ಲೆಂಡಿನ ಮಹಾಕ್ಷಾಮದ ಅತಿ ಕೆಟ್ಟ ವರ್ಷ. ದಿಕ್ಕಿಲ್ಲದ ಬಡವರನ್ನು ಕೂಡಿಹಾಕುತ್ತಿದ್ದ ವರ್ಕ್‌ಹೌಸಿನಿಂದ ಗಂಡ ಹೆಂಡತಿ ಇಬ್ಬರು ಹೊರಬೀಳುತ್ತಾರೆ. ಅವಳಿಗೆ ಕ್ಷಾಮಜ್ವರ, ಹೆಜ್ಜೆ ಎತ್ತಿಡಲಾಗುತ್ತಿಲ್ಲ. ಅವನು ಅವಳನ್ನು ಬೆನ್ನಿಗೇರಿಸಿಕೊಂಡು ಪಡುವಣಕ್ಕೆ, ಮತ್ತೆ ಬಡಗಣಕ್ಕೆ ನಡೆಯುತ್ತಾನೆ. ಬೆಳಗಾಗುವಾಗ ಇಬ್ಬರೂ ಹೆಣವಾಗಿದ್ದಾರೆ. ಅವಳ ಪಾದಗಳು ಮಾತ್ರ ಅವನ ಎದೆಗೂಡಿಗೆ ಒತ್ತಿಕೊಂಡಿವೆ. ಅವನ ಮೈಯಲ್ಲಿ ಉಳಿದಿದ್ದ ಕಡೆಯ ಬಿಸಿಯನ್ನು ಅವನು ಅವಳ ಪಾದಕ್ಕೆ ಕೊಟ್ಟು ಸತ್ತಿದ್ದಾನೆ.

ಇದು ಐರಿಷ್ ಕವಯಿತ್ರಿ ಈವನ್ ಬೋಲ್ಯಾಂಡ್ ಅವರ 'ಕ್ವಾರಂಟೈನ್' ಎಂಬ ಪುಟ್ಟ ಕವಿತೆ. 2001ರ ಸಂಕಲನದಲ್ಲಿ ಬಂತು. ಐರಿಷ್ ಹಳ್ಳಿಯ ಬವಣೆಯ ಬಗ್ಗೆ ಬಂದ ಕಾವ್ಯವನ್ನು ಓದುವಾಗ ನಮ್ಮ ಕಣ್ಣು ಮೊದಲು ಹಸಿವಿನ ಕಡೆಗೆ ಹೋಗುತ್ತದೆ. ಆಲೂಗಡ್ಡೆ ಕೊಳೆತದ್ದು, ಹತ್ತು ಲಕ್ಷ ಜನ ಸತ್ತದ್ದು, ಇನ್ನೂ ಹತ್ತು ಲಕ್ಷ ಜನ ಹಡಗು ಹತ್ತಿದ್ದು ನಮಗೆ ಗೊತ್ತು. ಚಳಿಯ ಕಡೆ ಗಮನ ಹೋಗುವುದು ಕಡಿಮೆ. ನಮ್ಮ ಬಹುಪಾಲು ಊರುಗಳಲ್ಲಿ ಬೆಂಕಿ ಎಂದರೆ ಅಡುಗೆ, ಹೆಚ್ಚೆಂದರೆ ಸ್ನಾನದ ನೀರು. ಅಟ್ಲಾಂಟಿಕ್ ಸಮುದ್ರದ ಒದ್ದೆ ಗಾಳಿ ವರ್ಷಪೂರ್ತಿ ಗೋಡೆಗೆ ಬಡಿಯುವ ಕಡೆ ಬೆಂಕಿ ಆರಿದ ಮನೆ ಮನುಷ್ಯರು ಇರುವ ಮನೆಯಾಗಿ ಉಳಿಯುವುದಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೋದರೆ ಐರ್ಲೆಂಡಿನಲ್ಲಿ ಕಳೆದ ಹದಿನೈದಿಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ಟರ್ಫ್ (ಜೌಗಿನಿಂದ ಕಡಿದು ಒಣಗಿಸಿ ಒಲೆಗೆ ಹಾಕುವ ಕಪ್ಪು ಮಣ್ಣಿನ ಹೆಂಟೆ) ಜಗಳ ಹೊರಗಿನವರಿಗೆ ಬರೀ ಹಟದಂತೆ ಕಾಣುತ್ತದೆ.

ಆ ಜಗಳ ಅತಿ ಬಿಸಿಯಾದದ್ದು 2022ರ ಏಪ್ರಿಲ್‌ನಲ್ಲಿ. ಯುಕ್ರೇನ್ ಯುದ್ಧ ಶುರುವಾಗಿ ಮನೆ ಕಾಯಿಸುವ ಎಣ್ಣೆಯ ಬೆಲೆ ಆಕಾಶಕ್ಕೇರಿತ್ತು. ಅದೇ ಹೊತ್ತಿನಲ್ಲಿ ಗ್ರೀನ್ ಪಕ್ಷದ ನಾಯಕ, ಪರಿಸರ ಸಚಿವ ಏಮನ್ ರಯಾನ್ ಅವರು ಹೊಗೆ ಹೆಚ್ಚು ಬಿಡುವ ಇಂಧನಗಳ ಮಾರಾಟಕ್ಕೆ ತಡೆ ಹಾಕಲು ಹೊರಟರು. ಪಟ್ಟಿಯಲ್ಲಿ ಟರ್ಫ್ ಕೂಡ ಇತ್ತು. ಆಳುವ ಒಕ್ಕೂಟದ ಒಳಗಿನ ಹಳ್ಳಿ ಕಡೆಯ ಸಂಸದರೇ ತಿರುಗಿಬಿದ್ದರು. ಆಗ ಉಪಪ್ರಧಾನಿಯಾಗಿದ್ದ ಲಿಯೋ ವರಾಡ್ಕರ್, ಹಳ್ಳಿಯವರಿಗೆ ಟರ್ಫ್ ಬೇಡ ಎನ್ನುವುದು ಇಟಲಿಯವರಿಗೆ ಪಾಸ್ತಾ ಬೇಡ, ಫ್ರೆಂಚರಿಗೆ ವೈನ್ ಬೇಡ ಎಂದ ಹಾಗೆ ಎಂದು ಪಕ್ಷದ ಸಭೆಯಲ್ಲಿ ಹೇಳಿದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಕೊನೆಗೆ ಆದದ್ದು ರಾಜಿ. 2022ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಟರ್ಫನ್ನು ಅಂಗಡಿಯಲ್ಲಿ, ಆನ್‌ಲೈನಿನಲ್ಲಿ, ಜಾಹೀರಾತು ಕೊಟ್ಟು ಮಾರುವಂತಿಲ್ಲ. ಜೌಗಿನಲ್ಲಿ ಕಡಿಯುವ ಹಕ್ಕು ಇರುವವರು ಕಡಿಯಬಹುದು, ಉರಿಸಬಹುದು, ನೆರೆಯವರಿಗೂ ಕೊಡಬಹುದು.

ಮೊದಲು ಈ ವಸ್ತು ಏನು ಎಂದು ನೋಡೋಣ. ಮನೆಯ ಟೆರೇಸಿನಲ್ಲಿ ಗಿಡ ಬೆಳೆಸುವವರಿಗೆ ಕೋಕೋಪೀಟ್ ಗೊತ್ತು. ತೆಂಗಿನ ನಾರಿನ ಪುಡಿಗೆ ಆ ಹೆಸರು ಅಂಟಿಕೊಂಡದ್ದು ನರ್ಸರಿಗಳಲ್ಲಿ ಅದು ಅಸಲಿ ಪೀಟಿನ ಜಾಗಕ್ಕೆ ಬಂದದ್ದರಿಂದ. ಆ ಅಸಲಿ ಪೀಟನ್ನು ಒಲೆಗೆಂದು ಕಡಿದಾಗ ಐರಿಷರು ಟರ್ಫ್ ಎನ್ನುತ್ತಾರೆ, ಅವರ ಸ್ವಂತ ನುಡಿಯಲ್ಲಿ ಮೋನ್. ಹಿಮಯುಗ ಕಳೆದ ಮೇಲೆ, ನೀರು ಹರಿದುಹೋಗದೆ ನಿಂತ ಕಡೆಗಳಲ್ಲಿ ಸ್ಫ್ಯಾಗ್ನಮ್ ಎಂಬ ಪಾಚಿ ಬೆಳೆಯಿತು. ಹುಳಿ ನೀರು, ಗಾಳಿಯಾಡದ ಕೆಸರು. ಸತ್ತ ಪಾಚಿ ಪೂರಾ ಕೊಳೆಯಲಿಲ್ಲ. ಅದರ ಮೇಲೆ ಮತ್ತೆ ಪಾಚಿ, ಮತ್ತೆ ಪಾಚಿ. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಂತೆ ಹತ್ತು ಸಾವಿರ ವರ್ಷ ಪೇರುತ್ತ ಬಂದ ಈ ಕಪ್ಪು ಮಣ್ಣು ದೇಶದ ನೆಲದ ಸುಮಾರು ಐದನೇ ಒಂದು ಪಾಲನ್ನು ಮುಚ್ಚಿದೆ. ಒಂದಡಿ ಆಳಕ್ಕೆ ಸಲಿಕೆ ಊರಿದರೆ ಮುನ್ನೂರು ವರ್ಷ ಕೆಳಗಿಳಿದ ಹಾಗೆ.

ಕಡಿಯುವ ಕೆಲಸ ವಸಂತದ ಕೊನೆಗೆ ಶುರು. ಮೇಲಿನ ಹುಲ್ಲಿನ ಚರ್ಮ ಸುಲಿದು, ಪಕ್ಕಕ್ಕೆ ರೆಕ್ಕೆಯಂಥ ಇನ್ನೊಂದು ಅಲಗು ಇರುವ ಸ್ಲಾನ್ ಎಂಬ ಸಲಿಕೆಯಿಂದ ಒತ್ತಿದರೆ ಒಂದೇ ಏಟಿಗೆ ಎರಡು ಮಗ್ಗುಲು ಕಡಿದು ಉದ್ದನೆಯ ಹೆಂಟೆ ಬರುತ್ತದೆ. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಕಡಿದವನು ಮೇಲಕ್ಕೆ ಎಸೆಯುತ್ತಾನೆ, ದಡದಲ್ಲಿ ನಿಂತವನು ಹಿಡಿದು ಹರಡುತ್ತಾನೆ. ಕೆಲವು ದಿನ ಬಿಟ್ಟು, ಮೇಲ್ಮೈ ಗಟ್ಟಿಯಾದಾಗ, ಬಗ್ಗಿ ಒಂದೊಂದನ್ನೇ ಎತ್ತಿ, ಐದಾರು ಹೆಂಟೆಗಳನ್ನು ಒಂದಕ್ಕೊಂದು ಆನಿಸಿ ಗೂಡಿನ ಹಾಗೆ ನಿಲ್ಲಿಸಬೇಕು, ನಡುವೆ ಗಾಳಿ ನುಗ್ಗಬೇಕು. ಇದಕ್ಕೆ ಫುಟಿಂಗ್ ಎನ್ನುತ್ತಾರೆ. ಮಳೆ ಹಿಡಿದರೆ ಎಲ್ಲವನ್ನೂ ಮತ್ತೆ ತಿರುವಿ ನಿಲ್ಲಿಸುವುದು. ಒಣಗಿದ್ದನ್ನು ಕತ್ತೆಯ ಮೇಲೆ, ಗಾಡಿಯಲ್ಲಿ, ಈಚೆಗೆ ಟ್ರ್ಯಾಕ್ಟರಿನಲ್ಲಿ ಮನೆಗೆ ತಂದು ಗೋಡೆಯ ಪಕ್ಕಕ್ಕೆ ಬಣವೆ ಒಟ್ಟುವುದು. ಬೆರಣಿ ತಟ್ಟಿ ಒಣಗಿಸಿ ಕುಳ್ಳುಬಣವೆ ಹಾಕಿದವರ ಮಕ್ಕಳಿಗೆ ಈ ಲೆಕ್ಕಾಚಾರ ವಿವರಿಸಿ ಹೇಳಬೇಕಾಗಿಲ್ಲ. ಅರಾನ್ ದ್ವೀಪಗಳಲ್ಲಂತೂ ಜೌಗೇ ಇಲ್ಲದ್ದರಿಂದ, ಬರೀ ಸುಣ್ಣಕಲ್ಲಿನ ನೆಲವಾದ್ದರಿಂದ, ಅಲ್ಲಿನವರು ಒಣಗಿದ ಸಗಣಿಯನ್ನೇ ಉರಿಸುತ್ತಿದ್ದರು. ಉಳಿದದ್ದು ಕನಮಾರಾ ಕರಾವಳಿಯಿಂದ ಹಾಯಿದೋಣಿಗಳಲ್ಲಿ ಬರುವ ಟರ್ಫ್.

ಈ ಕೆಲಸ ಒಂದು ಮನೆಯಿಂದ ಆಗುವಂಥದ್ದಲ್ಲ. ಇಂದು ನಿನ್ನ ಜೌಗಿಗೆ ನಾವು, ನಾಳೆ ನಮ್ಮದಕ್ಕೆ ನೀನು. ಇದಕ್ಕೆ ಅವರ ಹೆಸರು ಮೆಹಲ್. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಮಾತು ಮೊದಲೇ ಇದೆ: ಮುಯ್ಯಾಳು.

ಈಗ ಷೇಮಸ್ ಹೀನಿ ಅವರ ಪ್ರಸಿದ್ಧ ಕವಿತೆಗೆ ಬರಬಹುದು. 1966ರ ಮೊದಲ ಸಂಕಲನದ ಮೊದಲ ಕವಿತೆ, 'ಡಿಗ್ಗಿಂಗ್'. ಕಿಟಕಿಯ ಬಳಿ ಪೆನ್ನು ಹಿಡಿದು ಕೂತ ಕವಿಗೆ ಕೆಳಗೆ ಅಪ್ಪ ಅಗೆಯುವ ಸದ್ದು ಕೇಳುತ್ತದೆ. ಅಲ್ಲಿಂದ ನೆನಪು ಅಜ್ಜನ ಜೌಗಿಗೆ ಜಾರುತ್ತದೆ. ಆ ಸುತ್ತಿನ ಯಾರಿಗಿಂತಲೂ ಹೆಚ್ಚು ಟರ್ಫನ್ನು ಒಂದು ದಿನದಲ್ಲಿ ಕಡಿಯಬಲ್ಲ ಅಜ್ಜ. ಹುಡುಗ ಒಂದು ಬಾಟಲಿಯಲ್ಲಿ ಹಾಲು ತಂದುಕೊಡುತ್ತಾನೆ, ಬಾಯಿಗೆ ಬಿರಡೆಯ ಬದಲು ಹೇಗೋ ತುರುಕಿದ ಕಾಗದ. ಅಜ್ಜ ಸೊಂಟ ನೆಟ್ಟಗೆ ಮಾಡಿ, ಕುಡಿದು, ಮರುಕ್ಷಣವೇ ಮತ್ತೆ ಬಗ್ಗುತ್ತಾನೆ. ಒಳ್ಳೆಯ ಟರ್ಫಿಗಾಗಿ ಕೆಳಕ್ಕೆ, ಇನ್ನೂ ಕೆಳಕ್ಕೆ ಹೋಗುತ್ತಾನೆ. ಈ ಒಂದು ಮಾತು ಜೌಗಿನ ಕೆಲಸ ಬಲ್ಲವನದು. ಮೇಲಿನ ಪದರ ಕಂದು, ನಾರುನಾರು, ಹುಲ್ಲಿನಂತೆ ಭರ್ರೆಂದು ಉರಿದು ಮುಗಿಯುತ್ತದೆ. ಆಳದ್ದು ಕಪ್ಪು, ಗಟ್ಟಿ, ಗಂಟೆಗಟ್ಟಲೆ ಕೆಂಡವಾಗಿ ಕೂರುತ್ತದೆ.

ಇದನ್ನು ಶಾಲೆಗಳಲ್ಲಿ ದುಡಿಮೆಯ ಹಾಡಾಗಿ ಕಲಿಸುತ್ತಾರೆ, ಟರ್ಫ್ ಪರವಾಗಿ ಮಾತಾಡುವವರು ಪರಂಪರೆಗೆ ಸಾಕ್ಷಿಯಾಗಿ ಎತ್ತಿಕೊಳ್ಳುತ್ತಾರೆ. ನನಗೆ ಅದು ಅಷ್ಟು ಸಲೀಸಾಗಿ ಅವರ ಕೈಗೆ ಸಿಗುವ ಕವಿತೆ ಅನ್ನಿಸುವುದಿಲ್ಲ. ಕೊನೆಗೆ ಕವಿ ಹೇಳುವುದೇನು? ಅಂಥವರ ಹಿಂದೆ ಹೋಗಲು ತನ್ನ ಬಳಿ ಸಲಿಕೆ ಇಲ್ಲ, ಇರುವುದು ಪೆನ್ನು, ಅದರಿಂದಲೇ ಅಗೆಯುತ್ತೇನೆ ಎಂದು. ಅಂದರೆ ಜೌಗಿನ ಬದುಕು ಕೈಬಿಟ್ಟದ್ದನ್ನು ಒಬ್ಬ ರೈತನ ಮಗ 1960ರ ದಶಕದಲ್ಲೇ ಬರೆದಿಟ್ಟಿದ್ದಾನೆ. ಗ್ರೀನ್ ಪಕ್ಷ ಹುಟ್ಟುವ ಮೊದಲು, ಯುರೋಪಿನ ಯಾವ ಕಾಯಿದೆಯೂ ಬರುವ ಮೊದಲು. ಓದು, ಸಂಬಳದ ಕೆಲಸ, ಪಟ್ಟಣ ಇವು ಸಲಿಕೆಯನ್ನು ಕಿತ್ತುಕೊಂಡಾಗ ಯಾರೂ ಪ್ರತಿಭಟಿಸಲಿಲ್ಲ. ಪ್ರತಿಭಟಿಸಬೇಕಾಗಿಯೂ ಇರಲಿಲ್ಲ, ಆ ಕೆಲಸ ಅಷ್ಟು ಕಷ್ಟದ್ದು. 1980ರ ದಶಕದ ಹೊತ್ತಿಗೆ ಸ್ಲಾನ್ ಹಿಡಿದವರು ವಿರಳವಾಗಿ, ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರ ಜೌಗಿನ ಹೊಟ್ಟೆಯಿಂದ ಪೀಟನ್ನು ಸೇವಿಗೆಯಂತೆ ಒತ್ತಿ ಸಾಲುಸಾಲಾಗಿ ಹೊರಹಾಕತೊಡಗಿತ್ತು. ಯಂತ್ರಕ್ಕೆ ಅನುಕೂಲವಾಗಲೆಂದು ತೋಡಿದ ಕಾಲುವೆಗಳು ಉಳಿದ ಜೌಗನ್ನೂ ಒಣಗಿಸಿದವು.

ಕವಿತೆ ಬಿಟ್ಟದ್ದು ಇನ್ನೊಂದಿದೆ. ಅಲ್ಲಿ ಕಾಣುವುದು ಕಡಿಯುವ ಗಂಡಸು. ಫುಟಿಂಗ್ ಮಾಡುತ್ತ ದಿನವಿಡೀ ಬಗ್ಗಿದವರು ಹೆಂಗಸರು, ಮಕ್ಕಳು. ಐರಿಷ್ ಹಳ್ಳಿಯಲ್ಲಿ ಬೆಳೆದ ಐವತ್ತು ದಾಟಿದವರನ್ನು ಕೇಳಿದರೆ ಬೇಸಿಗೆ ರಜೆಯ ನೆನಪಿನಲ್ಲಿ ಸೊಂಟನೋವು, ಮುತ್ತುವ ಸಣ್ಣ ನೊಣ, ಬಾಟಲಿಯಲ್ಲಿ ತಂದ ಚಹಾ ಬರುತ್ತವೆ. ಶಾಲೆಯ ಒಲೆಗೆ ದಿನಕ್ಕೊಂದು ಹೆಂಟೆ ಕಂಕುಳಲ್ಲಿಟ್ಟುಕೊಂಡು ಹೋದದ್ದು ಅವರಿಗಿಂತ ಹಿರಿಯರಿಗೆ ನೆನಪಿದೆ. ಹೆಂಗಸರದ್ದೇ ಆದ ಕಾವ್ಯ ಇದ್ದದ್ದು ರಾತ್ರಿಯ ಒಲೆಯ ಮುಂದೆ. ಮಲಗುವ ಮೊದಲು ಕೆಂಡದ ಮೇಲೆ ಬೂದಿ ಎಳೆಯುತ್ತ ಹೇಳುವ ಪ್ರಾರ್ಥನೆ ಅದು. ಕ್ರಿಸ್ತ ಎಲ್ಲರನ್ನೂ ಕಾಯುವ ಹಾಗೆ ನಾನು ಈ ಬೆಂಕಿಯನ್ನು ಕಾಯುತ್ತೇನೆ, ಮನೆಯ ಎರಡು ತುದಿಗೂ ಸಂತ ಬ್ರಿಜಿಡ್, ನಡುವೆ ಮೇರಿ ಇರಲಿ ಎಂಬರ್ಥದ ಸಾಲುಗಳು. ಬೆಳಗ್ಗೆ ಬೂದಿ ಸರಿಸಿದರೆ ಕೆಂಡ ಇನ್ನೂ ಜೀವಂತ. ಟರ್ಫ್ ಅಷ್ಟು ನಿಧಾನವಾಗಿ ಉರಿಯುವ ವಸ್ತುವಾದ್ದರಿಂದಲೇ ತಲೆಮಾರುಗಟ್ಟಲೆ ಬೆಂಕಿ ಆರದ ಮನೆಗಳ ಕಥೆಗಳು ಹುಟ್ಟಿಕೊಂಡವು.

ಟರ್ಫ್ ಅನಾದಿ ಕಾಲದಿಂದ ಬಂದ ಸಂಸ್ಕೃತಿ ಎಂಬ ಮಾತನ್ನು ಸ್ವಲ್ಪ ತಡೆದು ನೋಡಬೇಕು. ಜೌಗಿನಿಂದ ಇಂಧನ ತೆಗೆಯುವುದು ಬಹಳ ಹಳೆಯದು, ಸುಳ್ಳಲ್ಲ. ಆದರೆ ಬಡವನ ಒಲೆಗೆ ಅದೊಂದೇ ಗತಿ ಎಂದಾದದ್ದು ಕಾಡು ಹೋದ ಮೇಲೆ. ಹದಿನಾರು, ಹದಿನೇಳನೇ ಶತಮಾನಗಳ ಯುದ್ಧ ಮತ್ತು ವಸಾಹತುಗಳ ಕಾಲದಲ್ಲಿ ಓಕ್ ಮರಗಳು ಹಡಗಿಗೆ, ಪೀಪಾಯಿಗೆ, ಕಬ್ಬಿಣ ಕರಗಿಸುವ ಕುಲುಮೆಗೆ ಹೋದವು. ಇಪ್ಪತ್ತನೇ ಶತಮಾನ ಕಾಲಿಡುವಾಗ ದೇಶದಲ್ಲಿ ಕಾಡು ಉಳಿದದ್ದು ನೂರಕ್ಕೆ ಒಂದರಷ್ಟು. ಟಿಪ್ಪರೇರಿಯ ಕಿಲ್‌ಕ್ಯಾಶ್ ಎಂಬ ಕೋಟೆಯ ಬಗ್ಗೆ ಐರಿಷ್ ನುಡಿಯಲ್ಲಿ ಒಂದು ಶೋಕಗೀತೆ ಇದೆ, ಕವಿ ಯಾರೆಂಬುದು ಖಚಿತವಿಲ್ಲ. ಶುರುವಾಗುವುದೇ ಹೀಗೆ: ಇನ್ನು ಮುಂದೆ ಮರಕ್ಕೇನು ಮಾಡೋಣ, ಕೊನೆಯ ಕಾಡೂ ನೆಲಕ್ಕುರುಳಿತು. ಆ ಪ್ರಶ್ನೆಗೆ ಹಳ್ಳಿ ಕೊಟ್ಟುಕೊಂಡ ಉತ್ತರ ಟರ್ಫ್. ಉತ್ತರವೂ ಪೂರ್ತಿ ಅವರ ಕೈಯಲ್ಲಿರಲಿಲ್ಲ. ಜೌಗು ಜಮೀನುದಾರನದು, ಕಡಿಯುವ ಹಕ್ಕು ಗೇಣಿಯೊಂದಿಗೆ ಬರುವುದು, ಗೇಣಿ ತಪ್ಪಿದರೆ ಒಲೆಯೂ ತಪ್ಪುವುದು. ಹತ್ತೊಂಬತ್ತನೇ ಶತಮಾನದ ಕೊನೆಯ ಭೂಸುಧಾರಣೆಗಳ ನಂತರ ಈ ಕಡಿಯುವ ಹಕ್ಕುಗಳು ಕುಟುಂಬಗಳಿಗೆ ಗಟ್ಟಿಯಾದವು. ಇಂದು ಅಧಿಕಾರಿ ಬಂದು ಈ ಜೌಗು ಸಂರಕ್ಷಿತ, ಸಲಿಕೆ ಇಡಬೇಡ ಎಂದಾಗ ಏಳುವ ಸಿಟ್ಟಿನ ಹಿಂದೆ ಆ ಚರಿತ್ರೆ ಇದೆ. ಮುತ್ತಜ್ಜ ಹೋರಾಡಿ ಪಡೆದದ್ದನ್ನು ಕಾಗದ ತೋರಿಸಿ ಕಿತ್ತುಕೊಳ್ಳುತ್ತಿದ್ದಾರೆ ಎಂಬ ಭಾವ.

ಸ್ವತಂತ್ರ ದೇಶ ಆ ಒಲೆಯನ್ನು ದೇವರ ಗೂಡು ಮಾಡಿತು. 1943ರ ಸೇಂಟ್ ಪ್ಯಾಟ್ರಿಕ್ ದಿನದಂದು ಪ್ರಧಾನಿ ಏಮನ್ ಡಿ ವಲೇರಾ ರೇಡಿಯೋದಲ್ಲಿ ಮಾಡಿದ ಭಾಷಣ ಇಂದಿಗೂ ಎಲ್ಲರ ಬಾಯಲ್ಲಿದೆ. ಬೆಚ್ಚನೆಯ ಹಳ್ಳಿಮನೆಗಳು, ಒಲೆಯ ಸುತ್ತ ಕೂತು ಹಿರಿಯರು ಹಂಚಿಕೊಳ್ಳುವ ವಿವೇಕ. ಅದಕ್ಕೆ ಒಂದು ವರ್ಷ ಮುಂಚೆ, 1942ರಲ್ಲಿ, ಮಾನಹನ್ ಜಿಲ್ಲೆಯ ಸಣ್ಣ ರೈತನ ಮಗ ಪ್ಯಾಟ್ರಿಕ್ ಕ್ಯಾವನಾ 'ದಿ ಗ್ರೇಟ್ ಹಂಗರ್' ಪ್ರಕಟಿಸಿದ್ದರು. ಶೀರ್ಷಿಕೆ ಮಹಾಕ್ಷಾಮದ್ದು, ಕವಿತೆ ಮಾತ್ರ ಅವರ ಕಾಲದ್ದೇ. ಮ್ಯಾಗೈರ್ ಎಂಬ ರೈತ ಮದುವೆಯಾಗದೆ, ತಾಯಿಯ ಹಿಡಿತದಿಂದ ಬಿಡಿಸಿಕೊಳ್ಳದೆ, ಆಲೂಗಡ್ಡೆ ಹೊಲದ ಮಣ್ಣಲ್ಲೇ ಮುದುಕನಾಗುತ್ತಾನೆ. ಅವನ ಮನೆಯಲ್ಲೂ ಒಲೆ ಉರಿಯುತ್ತದೆ, ಆದರೆ ಅದರ ಸುತ್ತ ಮಾತಿಲ್ಲ, ಮುಟ್ಟುವ ಕೈ ಇಲ್ಲ. ಐರಿಷ್ ಹಳ್ಳಿಯನ್ನು ಪ್ರೀತಿಸಿ ಬರೆದವರಲ್ಲಿ ಇಷ್ಟು ನಿರ್ದಾಕ್ಷಿಣ್ಯವಾಗಿ ನೋಡಿದವರು ಅಪರೂಪ. ಒಲೆಯ ಬೆಂಕಿ ತಾನಾಗಿ ಯಾರನ್ನೂ ಸುಖವಾಗಿಡುವುದಿಲ್ಲ ಎಂಬುದನ್ನು ತಿಳಿಯಲು ಟರ್ಫ್ ಬಗ್ಗೆ ಮಾತಾಡುವ ಪ್ರತಿಯೊಬ್ಬರೂ ಒಮ್ಮೆ ಕ್ಯಾವನಾ ಓದಬೇಕು ಎಂಬುದು ನನ್ನ ಅಭಿಪ್ರಾಯ.

ಅದೇ ವರ್ಷಗಳಲ್ಲಿ ಟರ್ಫ್ ರಾಷ್ಟ್ರೀಯ ಕೆಲಸವಾಯಿತು. ಎರಡನೇ ಮಹಾಯುದ್ಧದಿಂದ ಬ್ರಿಟನ್ನಿನ ಕಲ್ಲಿದ್ದಲು ಬರುವುದು ಬಹುಮಟ್ಟಿಗೆ ನಿಂತಿತ್ತು. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನ ನಡುರಸ್ತೆಯ ಎರಡೂ ಬದಿಗೆ ಟರ್ಫ್ ಬಣವೆಗಳು ಗುಡ್ಡದಂತೆ ಎದ್ದವು, ಕಿಲ್ಡೇರ್ ಜೌಗಿನಲ್ಲಿ ಆಳುಗಳಿಗೆ ಬಿಡಾರ ಹಾಕಿದರು. 1946ರಲ್ಲಿ ಸರ್ಕಾರಿ ಸಂಸ್ಥೆ ಬೋರ್ಡ್ ನಾ ಮೋನಾ ಹುಟ್ಟಿತು. ಆಫಲಿ, ಲಾಂಗ್‌ಫರ್ಡ್ ಮುಂತಾದ ನಡುನಾಡಿನ ಜಿಲ್ಲೆಗಳಲ್ಲಿ ಪುಟ್ಟ ರೈಲು, ವಿದ್ಯುತ್ ಸ್ಥಾವರ, ಇಟ್ಟಿಗೆಯಂತೆ ಒತ್ತಿದ ಬ್ರಿಕೆಟ್ ಕಾರ್ಖಾನೆ, ಕೆಲಸಗಾರರ ಕಾಲೋನಿ ಬಂದವು. ಹಡಗು ಹತ್ತಬೇಕಿದ್ದ ಹುಡುಗರು ಊರಲ್ಲೇ ಉಳಿದರು. ಆ ನಾಡಿನಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಇಳಿಗಾಲ ಬಂದದ್ದು ಮಾತ್ರ ಬಹಳ ಬೇಗ. ಶ್ಯಾನನ್‌ಬ್ರಿಜ್ ಮತ್ತು ಲೇನ್ಸ್‌ಬರೋ ಸ್ಥಾವರಗಳು 2020ರ ಡಿಸೆಂಬರಿನಲ್ಲಿ ಮುಚ್ಚಿದವು. ಬೋರ್ಡ್ ನಾ ಮೋನಾ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ಸಾರಿತು. ಎಡೆಂಡೆರಿಯ ಸ್ಥಾವರ 2023ರ ಕೊನೆಗೆ ಪೀಟ್ ಬಿಟ್ಟು ಮರದ ಚೂರಿಗೆ ಹೊರಳಿತು. ಒಂದು ತಲೆಮಾರು ಕಟ್ಟಿದ ದುಡಿಮೆಯ ಲೋಕ ಮೂರ್ನಾಲ್ಕು ವರ್ಷದೊಳಗೆ ಬಾಗಿಲು ಹಾಕಿಕೊಂಡಿತು.

ಕಾರಣಗಳು ಗಟ್ಟಿಯಾಗಿಯೇ ಇವೆ. ಪೀಟ್ ಕೊಡುವ ಶಾಖಕ್ಕೆ ಹೋಲಿಸಿದರೆ ಅದು ಕಲ್ಲಿದ್ದಲಿಗಿಂತಲೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಜಗತ್ತಿನ ನೆಲದಲ್ಲಿ ನೂರಕ್ಕೆ ಮೂರರಷ್ಟು ಮಾತ್ರ ಇರುವ ಪೀಟ್ ಭೂಮಿ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿದೆ. ಕಾಲುವೆ ತೋಡಿ ನೀರು ಬಸಿದರೆ ಸಾಕು, ಉರಿಸದೆ ಇದ್ದರೂ ಆ ಮಣ್ಣು ಗಾಳಿಗೆ ಸಿಕ್ಕು ಕೊಳೆತು ಇಂಗಾಲ ಬಿಡುತ್ತ ಹೋಗುತ್ತದೆ. ಇನ್ನು ಹೊಗೆ. ಸಣ್ಣ ಕಣಗಳಿಂದ ಕೂಡಿದ ಕೆಟ್ಟ ಗಾಳಿಗೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಂದಿ ಅಕಾಲದಲ್ಲಿ ಸಾಯುತ್ತಾರೆ ಎಂಬುದು ದೇಶದ ಪರಿಸರ ರಕ್ಷಣಾ ಸಂಸ್ಥೆಯ ಅಂದಾಜು, ಅದರ ದೊಡ್ಡ ಮೂಲ ಮನೆಗಳಲ್ಲಿ ಉರಿಸುವ ಘನ ಇಂಧನ. ಡಬ್ಲಿನ್ 1990ರಲ್ಲೇ ಹೊಗೆಯ ಕಲ್ಲಿದ್ದಲು ನಿಲ್ಲಿಸಿ ಇದರ ಫಲ ಕಂಡಿತ್ತು. ಟರ್ಫ್ ಹೊಗೆಯ ವಾಸನೆ ಎಷ್ಟೇ ಆಪ್ತವಾಗಿರಲಿ, ಅದನ್ನು ಮೊದಲು ಉಸಿರಾಡುವುದು ಆ ಒಲೆಯ ಮುಂದೆ ಕೂತ ಅಜ್ಜಿಯೇ. ಕವಿತೆಯ ಹೆಸರಿನಲ್ಲಿ ಈ ಸಂಗತಿಯನ್ನು ಬದಿಗೆ ಸರಿಸುವುದು ನನಗೆ ಒಪ್ಪಿತವಲ್ಲ.

ಹಾಗಿದ್ದರೆ ತಪ್ಪಿದ್ದು ಎಲ್ಲಿ? ಲೆಕ್ಕ ಹಾಕಿದ ರೀತಿಯಲ್ಲಿ. ಆಡಳಿತದ ಕಣ್ಣಿಗೆ ಟರ್ಫ್ ಒಂದು ಇಂಧನ, ಇಷ್ಟು ಕಿಲೋವಾಟ್, ಇಷ್ಟು ಹೊಗೆ. ಅದನ್ನು ತೆಗೆದು ಇನ್ನೊಂದನ್ನು ಇಟ್ಟರಾಯಿತು. ಜೌಗಿನವರಿಗೆ ಅದು ಕಾಸಿಲ್ಲದೆ ಸಿಗುವ ಬಿಸಿ. ರಟ್ಟೆ ಇದ್ದರೆ, ಮುಯ್ಯಾಳು ಇದ್ದರೆ, ಜೇಬು ಖಾಲಿಯಿದ್ದರೂ ಚಳಿಗಾಲ ದಾಟಬಹುದು ಎಂಬ ಭರವಸೆ. ಎಣ್ಣೆಗೆ ಹಣ ಬೇಕು, ಕರೆಂಟಿಗೆ ಹಣ ಬೇಕು, ಗ್ಯಾಸ್ ಕೊಳವೆ ಆ ಕಡೆ ಹೋಗುವುದೇ ಇಲ್ಲ. 2016ರ ಜನಗಣತಿಯಲ್ಲಿ ಇಡೀ ದೇಶದಲ್ಲಿ ಪೀಟ್ ನೆಚ್ಚಿದ ಮನೆಗಳು ನೂರಕ್ಕೆ ಐದರ ಆಸುಪಾಸು, ಆಫಲಿಯಲ್ಲಿ ಮಾತ್ರ ಮೂರಕ್ಕೆ ಒಂದಕ್ಕಿಂತ ಹೆಚ್ಚು. ಡಬ್ಲಿನ್ನಿನಲ್ಲಿ ಕೂತವರಿಗೆ ಸಣ್ಣದಾಗಿ ಕಂಡದ್ದು ಅಲ್ಲಿ ಊರಿಗೆ ಊರೇ. 2022ರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ ನೂರಕ್ಕೆ 29 ಮನೆಗಳು ಬಿಸಿ ಮತ್ತು ಬೆಳಕಿಗೆ ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಸುರಿಯುವ ಸ್ಥಿತಿಗೆ ಬಂದಿದ್ದವು. 2030ರೊಳಗೆ ಐದು ಲಕ್ಷ ಮನೆಗಳನ್ನು ಚಳಿ ನುಗ್ಗದ ಹಾಗೆ ದುರಸ್ತಿ ಮಾಡುವ ಗುರಿ ಸರ್ಕಾರದ್ದು. ಬಡವರಿಗೆ ಇದು ಪೂರ್ತಿ ಉಚಿತವಾಗಿ ಸಿಗುವ ಯೋಜನೆಯೂ ಇದೆ. ಆದರೆ ಟರ್ಫ್ ಜಗಳ ಕಾವೇರಿದ್ದ ಆ ವರ್ಷ ಅರ್ಜಿ ಹಾಕಿದವರು ಸುಮಾರು ಎರಡು ವರ್ಷ ಸರದಿಯಲ್ಲಿ ಕಾಯಬೇಕಿತ್ತು. ಎರಡು ವರ್ಷ ಎಂದರೆ ಎರಡು ಚಳಿಗಾಲ. ಬೋಲ್ಯಾಂಡ್ ಕವಿತೆಯಲ್ಲಿ ಬಿಸಿ ಒಬ್ಬರಿಂದ ಒಬ್ಬರಿಗೆ ದಾಟುವ ವಸ್ತು. ಈ ನೀತಿಯಲ್ಲಿ ಹಳೆಯದನ್ನು ಕಿತ್ತುಕೊಳ್ಳುವ ತಾರೀಕು ಸ್ಪಷ್ಟವಾಗಿತ್ತು, ಹೊಸದು ಮನೆಗೆ ಮುಟ್ಟುವ ತಾರೀಕು ಇರಲಿಲ್ಲ.

ಸಿಟ್ಟಿಗೆ ಇನ್ನೊಂದು ಕಾರಣ ಕಣ್ಣಿಗೆ ರಾಚುವಂತಿದೆ. ಒಲೆಗೆ ಕಡಿಯುವ ರೈತನ ಮೇಲೆ ಕಾಯಿದೆ ಬಂದ ವರ್ಷಗಳಲ್ಲೇ, ತೋಟಗಾರಿಕೆಗೆಂದು ದೊಡ್ಡ ಮಟ್ಟದಲ್ಲಿ ಪೀಟ್ ಬಗೆಯುವವರು ಬಗೆಯುತ್ತಲೇ ಇದ್ದರು. 2019ರಲ್ಲಿ ಹೈಕೋರ್ಟ್ ಯೋಜನಾ ಅನುಮತಿಯಿಲ್ಲದೆ ದೊಡ್ಡ ಪ್ರಮಾಣದಲ್ಲಿ ತೆಗೆಯಲು ಅವಕಾಶ ಕೊಟ್ಟಿದ್ದ ನಿಯಮವನ್ನು ಹೊಡೆದುಹಾಕಿತು. ಅಣಬೆ ಬೆಳೆಯುವವರಿಗೆ, ನರ್ಸರಿಗಳಿಗೆ ಪೀಟ್ ಸಿಗದಾಗಿ, 2021ರ ಸೆಪ್ಟೆಂಬರಿನಲ್ಲಿ ಲಾಟ್ವಿಯಾದಿಂದ 3,600 ಟನ್ ಪೀಟ್ ಹಡಗಿನಲ್ಲಿ ಬಂತು. ಜೌಗಿನ ದೇಶಕ್ಕೆ ಜೌಗು ಆಮದು. ಇತ್ತ 2025ರಲ್ಲಿ ಪರಿಸರ ರಕ್ಷಣಾ ಸಂಸ್ಥೆ ಅನುಮತಿಯಿಲ್ಲದೆ ದೊಡ್ಡ ಮಟ್ಟದಲ್ಲಿ ಪೀಟ್ ತೆಗೆಯುತ್ತಿರುವ 38 ಜಾಗಗಳನ್ನು ಗುರುತಿಸಿ ವರದಿ ಕೊಟ್ಟಿತು. 2024ರಲ್ಲಿ ದೇಶದಿಂದ ಹೊರಗೆ ಹೋದ ಪೀಟ್ ಮೂರು ಲಕ್ಷ ಟನ್. ಒಂದು ಮನೆ ಒಂದು ಚಳಿಗಾಲಕ್ಕೆ ಉರಿಸುವುದು ಕೆಲವೇ ಟ್ರೈಲರ್ ಟರ್ಫ್. ಹೊರದೇಶದ ಹೂಕುಂಡಕ್ಕೆ ಹೋಗುವ ಟನ್ನುಗಳನ್ನು ತಡೆಯಲಾಗದ ಕೈ ತನ್ನ ಸಲಿಕೆಯನ್ನು ಮಾತ್ರ ಹಿಡಿಯಿತಲ್ಲ ಎಂದು ಒಬ್ಬ ರೈತ ಕೇಳಿದರೆ ಅದಕ್ಕೆ ನ್ಯಾಯವಾದ ಉತ್ತರ ಯಾರ ಬಳಿಯೂ ಇಲ್ಲ.

ಆ ಕುಂಡಗಳ ಒಂದಷ್ಟು ಜಾಗವನ್ನು ಈಗ ಭಾರತದಿಂದ ಹೋಗುವ ತೆಂಗಿನ ನಾರಿನ ಪುಡಿ ತುಂಬುತ್ತಿದೆ. ನಮ್ಮ ತೆಂಗಿನ ಸೀಮೆಯ ಸಿಪ್ಪೆ ಐರಿಷ್ ಜೌಗಿನ ಮೇಲಿನ ಭಾರವನ್ನು ಒಂದಿಷ್ಟು ಇಳಿಸುವುದಾದರೆ ಸಂತೋಷವೇ.

ಜೌಗನ್ನು ಉಳಿಸಬೇಕೆನ್ನುವವರ ಪರವಾಗಿಯೂ ಹೀನಿ ಸಾಕ್ಷಿ ಹೇಳುತ್ತಾರೆ. 1969ರ 'ಬಾಗ್‌ಲ್ಯಾಂಡ್' ಕವಿತೆಯಲ್ಲಿ ಜೌಗು ಎಂದರೆ ನಾಡಿನ ನೆನಪಿನ ಉಗ್ರಾಣ. ನೂರು ವರ್ಷ ಮುಳುಗಿದ್ದ ಬೆಣ್ಣೆ ಬೆಳ್ಳಗೆ ಮೇಲೆ ಬರುತ್ತದೆ, ಅಳಿದುಹೋದ ದೈತ್ಯ ಜಿಂಕೆ ಎಲ್ಕ್‌ನ ಅಸ್ಥಿಪಂಜರ ಎದ್ದು ನಿಲ್ಲುತ್ತದೆ, ಅಗೆದಷ್ಟೂ ಕೆಳಗೆ ಇನ್ನೊಂದು ಕಾಲ. ಇದು ಕವಿಯ ಕಲ್ಪನೆ ಮಾತ್ರ ಆಗಿದ್ದರೆ ಒಂದು ಮಾತು. ಮೇಯೊ ಜಿಲ್ಲೆಯಲ್ಲಿ 1930ರ ದಶಕದಲ್ಲಿ ಪ್ಯಾಟ್ರಿಕ್ ಕಾಲ್‌ಫೀಲ್ಡ್ ಎಂಬ ಶಾಲಾ ಮೇಷ್ಟ್ರು ಟರ್ಫ್ ಕಡಿಯುವಾಗ ಕೆಳಗೆ ಸಾಲುಸಾಲು ಕಲ್ಲುಗಳನ್ನು ಕಂಡರು. ಯಾರೋ ಜೋಡಿಸಿದ ಹಾಗಿತ್ತು, ಆದರೆ ಮೇಲೆ ಸಾವಿರಾರು ವರ್ಷದ ಜೌಗು. ಅವರ ಮಗ ಷೇಮಸ್ ಪುರಾತತ್ವ ಓದಿ ಬಂದು, ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ನೋಡಿ, ನವಶಿಲಾಯುಗದ ಹೊಲಗಳ ಗೋಡೆಗಳು ಎಂದು ತೋರಿಸಿಕೊಟ್ಟರು. ಅದೇ ಕೇದ ಫೀಲ್ಡ್ಸ್. 1984ರಲ್ಲಿ ಲಾಂಗ್‌ಫರ್ಡಿನ ಕಾರ್ಲಿಯಾದಲ್ಲಿ ಪೀಟ್ ಯಂತ್ರಗಳ ದಾರಿಯಲ್ಲಿ ಓಕ್ ಹಲಗೆಯ ರಸ್ತೆಯೊಂದು ಎದ್ದುಬಂತು, ಮರದ ಉಂಗುರಗಳ ಲೆಕ್ಕದಿಂದ ಅದು ಕ್ರಿ.ಪೂ. 148ರದ್ದು ಎಂದು ತಿಳಿಯಿತು. 2006ರಲ್ಲಿ ಟಿಪ್ಪರೇರಿಯ ಜೌಗಿನಲ್ಲಿ ಯಂತ್ರ ಓಡಿಸುತ್ತಿದ್ದವನಿಗೆ ಸಿಕ್ಕಿದ್ದು ಸುಮಾರು ಕ್ರಿ.ಶ. 800ರ ಚರ್ಮದ ಹೊದಿಕೆಯ, ಬೈಬಲ್ಲಿನ ಕೀರ್ತನೆಗಳ ಪುಸ್ತಕ.

ಇಲ್ಲಿ ಒಂದು ಗಂಟು ಇದೆ, ನಾನು ಬಿಡಿಸಲು ಹೋಗುವುದಿಲ್ಲ. ಈ ಎಲ್ಲವನ್ನೂ ಮೇಲಕ್ಕೆ ತಂದದ್ದು ಕಡಿಯುವ ಕೈಗಳೇ. ಅದೇ ಕೈಗಳು ಇನ್ನೂ ನೂರು ವರ್ಷ ಕಡಿದಿದ್ದರೆ ಉಗ್ರಾಣವೇ ಇರುತ್ತಿರಲಿಲ್ಲ. ನಡುನಾಡಿನ ಎತ್ತರದ ಜೌಗುಗಳಲ್ಲಿ (ಪಾಚಿ ಪೇರುತ್ತ ಪೇರುತ್ತ ಉಬ್ಬಿ ನಿಂತ ಜೌಗುಗಳು) ಇನ್ನೂ ಜೀವಂತವಾಗಿ ಪಾಚಿ ಬೆಳೆಯುತ್ತಿರುವ ಭಾಗ ಮೂಲದ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಾರ್ಲಿಯಾದಲ್ಲಿ ಉಳಿದ ರಸ್ತೆಯ ತುಂಡು ಹಾಳಾಗದಿರಲೆಂದು ಸುತ್ತಲಿನ ಜೌಗಿಗೆ ನೀರು ನಿಲ್ಲಿಸಿ ಒದ್ದೆ ಇಟ್ಟಿದ್ದಾರೆ. ಬೋರ್ಡ್ ನಾ ಮೋನಾದ ಹಳೆಯ ಕೆಲಸಗಾರರಲ್ಲಿ ಕೆಲವರು ಈಗ ಅದನ್ನೇ ಮಾಡುತ್ತಿದ್ದಾರೆ. ತಾವೇ ತೋಡಿದ ಕಾಲುವೆಗಳಿಗೆ ಪೀಟಿನಿಂದಲೇ ಒಡ್ಡು ಹಾಕುವುದು. 2020ರಲ್ಲಿ ಇದಕ್ಕೆ 12.6 ಕೋಟಿ ಯೂರೋ ಎತ್ತಿಟ್ಟು, ಸುಮಾರು 33,000 ಹೆಕ್ಟೇರ್ ಜೌಗಿಗೆ ಜೀವ ತುಂಬುವ ಯೋಜನೆ ಹಾಕಿದರು. ನೀರು ಮೇಲೆ ಬಂದರೆ ಕೆಲವೇ ವರ್ಷಗಳಲ್ಲಿ ಪಾಚಿ ಮರಳುತ್ತದೆ. ಒಂದು ಮೀಟರ್ ಪೀಟ್ ಮರಳಲು ಸಾವಿರ ವರ್ಷ.

ಒಲೆಗಾಗಿ ಕಡಿಯುತ್ತಿದ್ದವರ ಕಥೆ ಅಲ್ಲಿಗೆ ಮುಗಿದಿಲ್ಲ. ಯುರೋಪಿನ 1992ರ ಆವಾಸ ಸಂರಕ್ಷಣಾ ಕಾಯಿದೆಯ ಕೆಳಗೆ 53 ಎತ್ತರದ ಜೌಗುಗಳನ್ನು ಸರ್ಕಾರ ಹೆಸರಿಸಿತು, ಮನೆಗೆ ಕಡಿಯುವವರಿಗೆ ಹತ್ತು ವರ್ಷ ವಿನಾಯಿತಿ ಕೊಟ್ಟಿತು. ಹತ್ತು ವರ್ಷದಲ್ಲಿ ಕೂತು ಮಾತಾಡಿ ದಾರಿ ಹುಡುಕಬಹುದಿತ್ತು. ಹುಡುಕಲಿಲ್ಲ. ವಿನಾಯಿತಿ ಮುಗಿದಾಗ ತಡೆ ಬಂತು, 2012ರ ಬೇಸಿಗೆಯಲ್ಲಿ ಗಾಲ್ವೇಯ ಕ್ಲಾನ್‌ಮಾಯ್ಲನ್ ಜೌಗಿನಲ್ಲಿ ರೈತರೂ ಪೊಲೀಸರೂ ಎದುರುಬದುರು ನಿಂತರು. 2024ರ ಮಾರ್ಚಿನಲ್ಲಿ, ಜೌಗುಗಳನ್ನು ಕಾಪಾಡಲಿಲ್ಲವೆಂದು ಯುರೋಪಿಯನ್ ಆಯೋಗ ಐರ್ಲೆಂಡನ್ನು ಯುರೋಪಿನ ನ್ಯಾಯಾಲಯಕ್ಕೆ ಎಳೆಯಿತು. ಈ ನಡುವೆ, ಕಡಿಯುವುದನ್ನು ಬಿಟ್ಟವರಿಗೆ 2011ರಿಂದ ಒಂದು ಪರಿಹಾರ ಯೋಜನೆ ನಡೆದುಬಂದಿದೆ. ಬೇರೆ ಜೌಗು ಸಿಕ್ಕರೆ ಅಲ್ಲಿಗೆ ಸ್ಥಳಾಂತರ, ಇಲ್ಲದಿದ್ದರೆ ವರ್ಷಕ್ಕೆ 1,500 ಯೂರೋ, ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸಿ, ಹದಿನೈದು ವರ್ಷ. ಮೊದಲ ವರ್ಷವೇ ಒಪ್ಪಿಕೊಂಡು ಸಲಿಕೆ ಕೆಳಗಿಟ್ಟ ಮನೆಗಳಿಗೆ ಆ ಹದಿನೈದು ವರ್ಷ ಈಗ ತುಂಬುತ್ತಿದೆ. ಹಕ್ಕು ಹೋಗಿದೆ, ಅದರ ಬದಲಿಗೆ ಬರುತ್ತಿದ್ದ ಹಣವೂ ನಿಲ್ಲುತ್ತದೆ. ಒಲೆ ಇರುವ ಜಾಗ ಮಾತ್ರ ಗೋಡೆಯಲ್ಲಿ ಹಾಗೆಯೇ ಇದೆ.